ಕೊಡಗಳ ಸಾಲಿಗೆ ನುಗ್ಗಿದ ನಿದ್ದೆ

ನನಗೆ ಎಚ್ಚರವಾದದ್ದು ಸದ್ದಿಗೆ. ಟೈರಿನ ಕೆಳಗೆ ಪ್ಲಾಸ್ಟಿಕ್ ಕೊಡಗಳು ಫಟ್, ಫಟ್ ಎಂದು ಒಡೆಯುವ ಸದ್ದಿಗೆ.

ಬ್ರೇಕ್ ಒತ್ತಿದೆ. ಎರಡು ಟ್ಯಾಂಕ್ ನೀರು ಹೊತ್ತ ಪಿಕಪ್ ಗಾಡಿ ಒತ್ತಿದ ತಕ್ಷಣ ನಿಲ್ಲುತ್ತದೆಯೇ? ಹಿಂದಿನ ನೀರು ಮುಂದಕ್ಕೆ ದಬ್ಬಿತು. ಇನ್ನೂ ನಾಲ್ಕು ಕೊಡ ಹೋದವು. ಗಾಡಿ ನಿಂತಾಗ ಒಂದು ಮಾರು ಮುಂದೆ ಕಾಶೀಬಾಯಿ ಅಜ್ಜಿ ಕೂತಿದ್ದಳು. ಎಪ್ಪತ್ತು ದಾಟಿದ ಜೀವ, ಮೊಣಕಾಲು ನೋವು, ಎದ್ದು ಓಡಲಾರಳು. ತನ್ನ ಕೊಡವನ್ನು ತಬ್ಬಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಬೆಳಿಗ್ಗೆ ಹನ್ನೊಂದು ಗಂಟೆ. ರಣಬಿಸಿಲು. ನಾನು ಕುಡಿದಿರಲಿಲ್ಲ (ಹಣೆಯ ಮೇಲಿನ ವಿಭೂತಿ ಇನ್ನೂ ಮಾಸಿರಲಿಲ್ಲ). ಸ್ಟೇರಿಂಗ್ ಹಿಡಿದುಕೊಂಡೇ ನಿದ್ದೆ ಹೋಗಿದ್ದೆ.

ಎರಡು ವಾರದ ಹಿಂದೆ ಇದೇ ಅಂಕಣದಲ್ಲಿ ನಾನು ಜಂಬ ಕೊಚ್ಚಿಕೊಂಡದ್ದು ನಿಮಗೆ ನೆನಪಿರಬಹುದು. ಇದು ಸತತ ಎರಡನೇ ಬರದ ವರ್ಷ. ಗಡಿ ಭಾಗದ ಉಮರ್ಗಾ-ನಿಲಂಗಾ ರಸ್ತೆಯಿಂದ ಒಳಗಿರುವ ಒಂದು ಹಳ್ಳಿಗೆ ಪ್ರತಿ ಸೋಮವಾರ ನಮ್ಮ ಬಟ್ಟೆ ಅಂಗಡಿಯ ಪಿಕಪ್‌ನಲ್ಲಿ ನೀರಿನ ದಾಸೋಹ. ಮಠದ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೆ: "ಡ್ರೈವರ್ ಬ್ಯಾಡ. ಸೇವಾ ಅಂದ್ರ ಸ್ವಂತ ಕೈಲೇ ಆಗಬೇಕು. ಗಾಡಿ ನಾನೇ ಹೊಡೀತೀನಿ." ಚಪ್ಪಾಳೆ ಬಿತ್ತು. ನಮ್ಮ ಪೇಟೆಯ ಶರಣರ ಮನೆತನಗಳಲ್ಲಿ ಇದೊಂದು ರೋಗ. ಸೇವೆಯನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಪುಣ್ಯವೂ ಅವರ ಕೈಗೆ ಹೋಗುತ್ತದೆ ಎಂಬ ಭಯ.

ಆ ಹಳ್ಳಿಯಲ್ಲಿ ಬೆಳಗಾಗುವ ಮೊದಲೇ ರಸ್ತೆಯ ಮೇಲೆ ಕೊಡಗಳ ಸಾಲು ಬೀಳುತ್ತದೆ. ಕೊಡ ಇಟ್ಟಲ್ಲಿ ಪಾಳಿ. ಕೊಡ ಇಟ್ಟ ಹೆಂಗಸರು ಬೇವಿನ ಮರದ ನೆರಳಿಗೆ ಹೋಗಿ ಕೂಡುತ್ತಾರೆ. ಅವತ್ತೂ ಹಾಗೇ ಕೂತಿದ್ದರು, ಅಷ್ಟು ದೂರ ನಡೆಯಲಾರದ ಕಾಶೀಬಾಯಿ ಒಬ್ಬಳನ್ನು ಬಿಟ್ಟು. ಅಲ್ಲದಿದ್ದರೆ ಇವತ್ತು ಈ ಅಂಕಣ ಇರುತ್ತಿರಲಿಲ್ಲ, ನಾನು ಜೈಲಿನಲ್ಲಿರುತ್ತಿದ್ದೆ.

ಗಾಡಿಯಿಂದ ಇಳಿದೆ. ಬಾಯಲ್ಲಿ ಸುಳ್ಳು ಸಿದ್ಧವಾಗಿತ್ತು ನೋಡಿ! "ಬ್ರೇಕ್ ಫೇಲ್ ಆತು" ಎಂದೆ.

ಊರಿನ ಮೋಟಾರ್‌ಸೈಕಲ್ ಮೆಕ್ಯಾನಿಕ್ ತುಕಾರಾಮ ಗಾಡಿಯ ಕೆಳಗೆ ನುಸುಳಿದ. ಆ ಐದು ನಿಮಿಷ ನಾನು ಬೆವರಿದಷ್ಟು ಜನ್ಮದಲ್ಲಿ ಬೆವರಿಲ್ಲ. ಅವನು ಹೊರಗೆ ಬಂದು ಕೈ ಒರೆಸಿಕೊಂಡ. ನನ್ನ ಮುಖ ನೋಡಿದ.

"ಬ್ರೇಕ್ ಚಲೋ ಅದಾವರೀ ಸಾವ್ಕಾರ್ರೇ."

ಅಷ್ಟೇ ಹೇಳಿದ. ಯಾರೂ ಬೈಯಲಿಲ್ಲ. "ಹೋಗ್ಲಿ ಬಿಡ್ರಿ, ಕೊಡಾ ಹೋದ್ರ ಹೋದ್ವು, ನೀರು ಬಂತಲ್ಲ" ಎಂದರು ಹೆಂಗಸರು. ಒಬ್ಬಾಕೆ ನನಗೇ ಚಹಾ ತಂದುಕೊಟ್ಟಳು. ಬೈದಿದ್ದರೆ ಆ ಚಹಾ ಸಲೀಸಾಗಿ ಗಂಟಲಲ್ಲಿ ಇಳಿಯುತ್ತಿತ್ತು.

ಇದು ಮೊದಲ ಸಲವೇ? ಅಲ್ಲ. ನನಗೆ ಎಲ್ಲ ಗೊತ್ತಿತ್ತು.

ನಮ್ಮ ಮನೆಯಲ್ಲಿ ಗೊರಕೆ ಅಂದರೆ ಮರ್ಯಾದೆ. ಅಪ್ಪನ ಗೊರಕೆ ಓಣಿಗೆ ಕೇಳಿಸುತ್ತಿತ್ತು. "ಯಾರಿಗೂ ಮೋಸ ಮಾಡದ ಮನಷ್ಯಾ, ಹೆಂಗ ಮಲಗ್ಯಾನ ನೋಡು" ಎನ್ನುತ್ತಿದ್ದರು ಜನ. ನಾನು ಅಂಗಡಿಯ ಗಾದಿಯ ಮೇಲೆ ಕೂತಲ್ಲೇ ತೂಕಡಿಸಿದರೂ ಗಿರಾಕಿಗಳು ನಗುತ್ತಿದ್ದರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆಯಂತೆ. ನಾನೂ ನಂಬಿಬಿಟ್ಟಿದ್ದೆ.

ನಂಬದವಳು ನನ್ನ ಹೆಂಡತಿ ಮಹಾದೇವಿ ಒಬ್ಬಳೇ. "ಮಲಗಿದಾಗ ನಿಮ್ಮ ಉಸಿರು ನಿಲ್ತದ್ರೀ. ನಾ ಎಣಿಸ್ತೀನಿ. ಹತ್ತು, ಹದಿನೈದು, ಇಪ್ಪತ್ತು... ಆಮ್ಯಾಲ ಒಮ್ಮೆಲೆ ಬಾಯಿ ತೆಗದು ಉಸಿರು ಎಳಕೋತೀರಿ. ಅಲ್ಲೀತನಕ ನನ್ನ ಉಸಿರೂ ನಿಂತಿರ್ತದ." ಎಳೆದುಕೊಂಡು ಉದಗೀರಿನ ಡಾಕ್ಟರ ಹತ್ತಿರ ಹೋದಳು. ಅವರು ಬಾಯಿ ತೆರೆಸಿ ಗಂಟಲು ನೋಡಿದರು, ಕತ್ತಿನ ಅಳತೆ ತೆಗೆದರು. ಇದಕ್ಕೆ ಸ್ಲೀಪ್ ಅಪ್ನಿಯಾ ಅಂತಾರೆ, ರಾತ್ರಿಯಿಡೀ ಉಸಿರು ಕಟ್ಟಿ ಕಟ್ಟಿ ಎಚ್ಚರವಾಗುತ್ತದೆ, ಆ ನಿದ್ದೆಯ ಬಾಕಿಯನ್ನು ಮೈ ಹಗಲಲ್ಲಿ ಕೇಳುತ್ತದೆ ಎಂದರು. ಟೆಸ್ಟ್ ಮಾಡಿಸಿ, ಬೇಕಾದರೆ ರಾತ್ರಿ ಮಾಸ್ಕಿನ ಮಷಿನ್ ಹಾಕಿಕೊಳ್ಳಿ. "ಅಲ್ಲೀತನಕ ಗಾಡಿ ಮುಟ್ಟಬ್ಯಾಡ್ರಿ."

ನಾನೇನು ಮಾಡಿದೆ? ನಕ್ಕೆ. "ನಮ್ಮಲ್ಲಿ ರಾತ್ರಿ ಕರೆಂಟೇ ಇರಂಗಿಲ್ಲ, ಮಷಿನ್ ಯಾತರ ಮ್ಯಾಲ ನಡಸ್ಲಿ ಡಾಕ್ಟರ್?" ಎಂದೆ. ಹಾಸ್ಯ ಚೆನ್ನಾಗಿತ್ತು. ಆ ಹಾಸ್ಯದ ಮೇಲೆಯೇ ಮೂರು ಸೋಮವಾರ ಗಾಡಿ ಹೊಡೆದೆ. ಕಿಟಕಿ ತೆರೆದುಕೊಂಡು, ಹಸಿಮೆಣಸಿನಕಾಯಿ ಕಚ್ಚಿಕೊಂಡು, ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡು. ಇಷ್ಟೆಲ್ಲ ಮಾಡಬೇಕಾದವನಿಗೆ ಅನುಮಾನವಾದರೂ ಬರಬೇಡವೇ?

ಕೊಡ ಒಡೆದ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಮಹಾದೇವಿ ಅಳಲಿಲ್ಲ, ಕೂಗಾಡಲಿಲ್ಲ. ಮುಂದಿನ ಸೋಮವಾರ ನಾನು ಗಾಡಿಯ ಕೀಲಿ ಹುಡುಕುತ್ತಿದ್ದಾಗ ತಾನೇ ತಂದು ಕೈಗಿಟ್ಟಳು. ಕಂಕುಳಲ್ಲಿ ನಮ್ಮ ಮನೆಯ ಹಿತ್ತಾಳೆ ಕೊಡ.

"ಎಲ್ಲಿಗೆ ಹೊಂಟಿ?"

"ಬಸ್ಸಿಗೆ. ನಿಮಗಿಂತ ಮೊದಲ ಹೋಗಿ ಆ ಸಾಲಿನಾಗ ಕಾಶೀಬಾಯಿ ಬಾಜೂಕ ಕೂಡ್ತೀನಿ. ನೀವು ಹಿಂದಿನಿಂದ ಗಾಡಿ ತಗೊಂಡು ಬರ್ರಿ."

ಕೀಲಿ ಹಿಡಿದು ನಿಂತೆ. ಆ ರಸ್ತೆ ಕಣ್ಣ ಮುಂದೆ ಬಂತು. ಸಾಲಿನ ಕೊನೆಯಲ್ಲಿ ಇವಳು. ಊರವರ ಹೆಂಡಂದಿರು ಕೂತಿದ್ದಾಗ ಗಾಡಿ ಹೊಡೆದ ಗಂಡಸಿಗೆ, ತನ್ನ ಹೆಂಡತಿ ಕೂಡುತ್ತೇನೆ ಎಂದಾಗ ಕೈ ಏಳಲಿಲ್ಲ. ಇದಕ್ಕಿಂತ ನಾಚಿಕೆಗೇಡು ಏನಿದೆ ಹೇಳಿ?

ಧಾನ್ಯದ ಅಡತಿ ಅಂಗಡಿಯ ಡ್ರೈವರ್ ಇಮಾಮ್‌ಸಾಬನನ್ನು ಕರೆಸಿ ಕೀಲಿ ಕೊಟ್ಟೆ; ಮಹಾದೇವಿ ಕೊಡ ಒಳಗಿಟ್ಟಳು. ಅವನು ಒಂದು ಮಾತೂ ಕೇಳದೆ ಹತ್ತಿದ. ಪಕ್ಕದಲ್ಲಿ ಕೂತ ನನಗೆ ಸ್ವಲ್ಪ ಹೊಟ್ಟೆಯೂ ಉರಿಯಿತು, ಸುಳ್ಳು ಯಾಕೆ ಹೇಳಲಿ. ಔರಾದ ಕಡೆಯ ತಿರುವು ದಾಟುವ ಮೊದಲೇ ಅವನ ಭುಜಕ್ಕೆ ಒರಗಿ ನಿದ್ದೆಹೋಗಿದ್ದೆನಂತೆ. ಸ್ಟೇರಿಂಗ್ ನನ್ನ ಕೈಯಲ್ಲಿದ್ದಿದ್ದರೆ?

ಟೆಸ್ಟಿಗೆ ಲಾತೂರಿನಲ್ಲಿ ತಾರೀಖು ಸಿಕ್ಕಿದೆ. ಮಷಿನ್‌ಗೆ ಬ್ಯಾಟರಿ ಇಟ್ಟುಕೊಳ್ಳಬಹುದಂತೆ. ನಾನು ಕೇಳಿದ್ದರೆ ಡಾಕ್ಟರು ಅವತ್ತೇ ಹೇಳುತ್ತಿದ್ದರು.

ಹಳ್ಳಿ ತಲುಪಿದ ಮೇಲೆ ಕಾಶೀಬಾಯಿಯ ಮುಂದೆ ಕೂತೆ. "ಆಯಿ, ಅವತ್ತು ಬ್ರೇಕ್ ಫೇಲ್ ಆಗಿರಲಿಲ್ಲ. ನಾ ನಿದ್ದಿ ಹೋಗಿದ್ದೆ."

"ಗೊತ್ತದ. ನಿಮ್ಮ ಮಾರಿ ನಾ ನೋಡೀನಲ್ಲ. ತಲಿ ಎದಿ ಮ್ಯಾಲ ಬಿದ್ದಿತ್ತು."

"ಮತ್ತ ಯಾರಿಗೂ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀವು ಬರೂದು ಬಿಡ್ತಿದ್ರಿ. ನೀರಿಗೆ ಎಲ್ಲಿಗೆ ಹೋಗ್ಲಿ ನಾ?"

ಬಾಯಾರಿದವರು ಬಂದ ಗಾಡಿಯನ್ನು ಎಂದೂ ವಾಪಸ್ ಕಳಿಸುವುದಿಲ್ಲ. ಹಾಗಾದರೆ ಸೀಟಿನಿಂದ ಇಳಿಯಬೇಕಾದವರು ಯಾರು?