ನಾಲ್ಕು ಅಡಿಯಲ್ಲಿ ನಿಂತ ಲೆನ್ಸು

ದ್ರಾಕ್ಷಾಯಿಣಿ ಆಂಟಿಯನ್ನು ನಾನು ಮೊದಲ ಸಲ ನೋಡಿದ್ದು ಮಾನ್ಯಾಳಿಗೆ ಎರಡನೇ ಹಲ್ಲು ಮೂಡಿದ ವಾರ. ಮಗು ಹುಟ್ಟಿದ ಮೇಲೆ ನನ್ನ ಡೈರಿಯಲ್ಲಿ ತಾರೀಖುಗಳೇ ಇಲ್ಲ. ಹಲ್ಲು, ಜ್ವರ, ಮಗುಚಿದ್ದು, ಅಂಬೆಗಾಲು, ಇಷ್ಟೇ.

ಬಾಣಂತನಕ್ಕೆಂದು ಈ ಪರದೇಶಕ್ಕೆ ಬಂದ ಅಮ್ಮನ ಕೈಯಲ್ಲಿ ಅಪ್ಪ ಮೈಸೂರಿನಿಂದ ತನ್ನ ಹಳೆಯ ರೀಲಿನ ಕ್ಯಾಮೆರಾ ಕಳಿಸಿದ್ದರು. "ಫೋನಲ್ಲಿ ಸಾವಿರ ತೆಗೀತೀಯ, ಒಂದನ್ನೂ ತಿರುಗಿ ನೋಡಲ್ಲ. ಇದರಲ್ಲಿ ಮೂವತ್ತಾರು ತೆಗಿ, ಸಾಕು" ಅಂದಿದ್ದರು. ರೀಲು ಹಾಕಿ, ಮಗುವನ್ನು ಕಿಟಕಿಯ ಬೆಳಕಿಗೆ ಮಲಗಿಸಿ, ಉಸಿರು ಹಿಡಿದು ಒತ್ತಿದರೆ ಬಟನ್ನು ಕೆಳಗಿಳಿಯಲೇ ಇಲ್ಲ. ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಯಾರೋ ದಾರಿ ತೋರಿಸಿದರು: "ಬ್ರ್ಯಾಂಪ್ಟನ್ನಿನಲ್ಲಿ ಶೈಲಜಾ ಅಂತ ಇದಾರಲ್ಲ, ಅವರಮ್ಮನ ಹತ್ರ ಹೋಗಿ. ತುಮಕೂರಿನವರು. ಕ್ಯಾಮೆರಾ ರಿಪೇರಿಗೆ ಕೈ ಚೆನ್ನಾಗಿದೆ."

ಬಾಗಿಲು ತೆಗೆದವರು ನೈಟಿಯ ಮೇಲೆ ದಪ್ಪ ಸ್ವೆಟರ್ ಹಾಕಿಕೊಂಡಿದ್ದರು, ಕಾಲಿಗೆ ಉಲ್ಲನ್ ಸಾಕ್ಸು, ಹಣೆಯಲ್ಲಿ ವಿಭೂತಿ. ಕ್ಯಾಮೆರಾ ನೋಡುವ ಮೊದಲು ಮಗುವನ್ನು ಎತ್ತಿಕೊಂಡರು.

"ಏನಾಯ್ತು ಅಂತ ಹೇಳ್ಬ್ಯಾಡ, ಅದು ನಂಗೇ ಕಾಣ್ತದೆ. ಯಾವಾಗಿಂದ ಆಯ್ತು, ಅದು ಹೇಳು."

"ನನಗೆ ಬಂದಾಗಿನಿಂದಲೇ ಆಂಟಿ. ಒತ್ತಿದರೆ ಇಳಿಯಲ್ಲ."

"ಬಲ ಹಾಕಿ ಒತ್ತಿದ್ಯಾ?"

"ಸ್ವಲ್ಪ."

"ಮಗು ಬಾಯಿ ತೆಗೀಲಿಲ್ಲ ಅಂದ್ರೆ ಚಮಚ ತುರುಕ್ತೀಯಾ? ಸಿಕ್ಕಾಕ್ಕೊಂಡಿದ್ಕೆ ಏನೋ ಕಾರಣ ಇರ್ತದೆ ಕಣವ್ವ. ಮೊದ್ಲು ಕಾರಣ ಹುಡುಕು, ಆಮೇಲೆ ಕೈ ಹಾಕು."

ಮುಂದಿನ ಕೋಣೆಯ ಕಿಟಕಿಯ ಕೆಳಗೆ ಅವರ ಮೇಜು. ಅದರ ಮೇಲೆ ಮೂರು ಅಂತಸ್ತಿನ ಇಡ್ಲಿ ಸ್ಟ್ಯಾಂಡು. ತಿಂಡಿಗೆ ಕರೆಯುತ್ತಾರೇನೋ ಅಂದುಕೊಂಡೆ. ಇಲ್ಲ, ಮೊದಲು ಬಿಚ್ಚಿದ ಸ್ಕ್ರೂ ಮೇಲಿನ ತಟ್ಟೆಯ ಮೊದಲ ಗುಳಿಗೆ, ಆಮೇಲಿನದು ಪಕ್ಕದ ಗುಳಿಗೆ, ಹೀಗೆ ಕೆಳಗಿನ ತಟ್ಟೆಯವರೆಗೆ. ಜೋಡಿಸುವಾಗ ಕೆಳಗಿನಿಂದ ಮೇಲಕ್ಕೆ ಬಂದರಾಯಿತು. ಕಣ್ಣಿಗೆ ವಾಚ್ ರಿಪೇರಿಯವರ ಭೂತಗನ್ನಡಿ ಸಿಕ್ಕಿಸಿಕೊಂಡು ಕ್ಯಾಮೆರಾದ ನೆತ್ತಿ ಬಿಚ್ಚಿದರು. ಸೂಜಿಯ ತುದಿಯಿಂದ ಬಟನ್ನಿನ ಬುಡ ಕೆದಕಿ, ಬಿಳಿ ಕಾಗದದ ಮೇಲೆ ಉದುರಿಸಿ, ನನ್ನ ಮುಂದೆ ಹಿಡಿದರು. ಕೆಂಪು ಪುಡಿ, ಅದರೊಂದಿಗೆ ಗಾರೆಯಂತೆ ಒಣಗಿದ ಗಂಧ.

"ನಿಮ್ಮಪ್ಪನೋರ ಭಕ್ತಿ! ಪ್ರತಿ ಆಯುಧಪೂಜೆಗೂ ಸರಿಯಾಗಿ ಬಟನ್ ಮ್ಯಾಲೇ ಬೊಟ್ಟಿಟ್ಟವ್ರೆ. ಗುಂಡಗೈತಲ್ಲ, ಹಣೆ ಅಂದ್ಕಂಡವ್ರೆ."

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಆ ಪುಡಿಯಲ್ಲಿ ನಮ್ಮ ಮನೆಯ ನವರಾತ್ರಿಯ ಒಂಬತ್ತನೇ ದಿನದ ಬೆಳಗು ಇತ್ತು. ಸ್ಕೂಟರು, ಇಳಿಗೆ ಮಣೆ, ಹೊಲಿಗೆ ಮೆಷಿನ್ನು, ಸಾಲಿನ ಕೊನೆಗೆ ಈ ಕ್ಯಾಮೆರಾ. ಆಂಟಿ ನೋಡದವರಂತೆ ಕಾಗದ ಮಡಚಿ ನನ್ನ ಡಯಾಪರ್ ಚೀಲದೊಳಗೆ ಇಟ್ಟರು.

"ನಮ್ಮನೆಯೋರು ಕ್ಯಾಮೆರಾಕ್ಕೆ ಇಡಾಕೇ ಬಿಡ್ತಿರ್ಲಿಲ್ಲ. 'ಪೂಜೆ ಚೀಲಕ್ಕೆ ಮಾಡು, ಒಳಗಿರೋನಿಗೆ ಮುಟ್ತದೆ' ಅನ್ನೋರು."

ಆ ವಸಂತವೆಲ್ಲ ನಾನು ಏನಾದರೊಂದು ನೆಪ ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಹೆರಿಗೆ ರಜೆ, ಅಮ್ಮ ವಾಪಸ್ಸಾದ ಮೇಲೆ ಖಾಲಿ ಮನೆ, ಸಂಜೆಯವರೆಗೆ ಬಾರದ ಗಂಡ. ಅವರಿಗೂ ಹಗಲು ಯಾರೂ ಇಲ್ಲ. ಮಾನ್ಯಾಳನ್ನು ಕಂಬಳಿಯ ಮೇಲೆ ಬಿಟ್ಟು ನಾನು ಸೊಪ್ಪು ಬಿಡಿಸುತ್ತಿದ್ದೆ, ಅವರು ಕ್ಯಾಮೆರಾ ಬಿಚ್ಚುತ್ತಿದ್ದರು. ನಾರ್ತ್ ಯಾರ್ಕಿನ ಕಾಲೇಜು ಹುಡುಗರು ಬಸ್ಸು ಹಿಡಿದು ಬರುತ್ತಿದ್ದರು. ಜನವರಿಯ ಚಳಿಗೆ ಒಳಗಿನ ಎಣ್ಣೆ ಗಟ್ಟಿಯಾಗಿ ಶಟರ್ ತೂಕಡಿಸುವುದು, ಹಿಂಬಾಗಿಲಿನ ಸ್ಪಂಜು ಹಳತಾಗಿ ಬೆಲ್ಲದ ಪಾಕದಂತೆ ಅಂಟುವುದು, ಕ್ಲಿಕ್ಕಿಗೆ ಮೇಲೆದ್ದ ಒಳಗಿನ ಕನ್ನಡಿ ಇಳಿಯದೆ ನೋಟವೆಲ್ಲ ಕತ್ತಲಾಗುವುದು, ಹೆಚ್ಚಾಗಿ ಇವೇ ರೋಗಗಳು. ಆಂಟಿ ಕ್ಯಾಮೆರಾವನ್ನು ಕಿವಿಗೆ ಹಿಡಿದು ಒಂದು ಸೆಕೆಂಡು ತೆರೆದು ಮುಚ್ಚುವಂತೆ ಶಟರ್ ಬಿಟ್ಟು ಕೇಳುತ್ತಿದ್ದರು. "ಇದು ಉಬ್ಬಸ. ಒಳಗೆ ತೊಳೀಬೇಕು."

ಅವರ ಕಥೆ ನನಗೆ ಸೊಪ್ಪು ಬಿಡಿಸುತ್ತಲೇ ಸಿಕ್ಕಿದ್ದು. ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲಿ, ಬಿಳಿ ಕೋಟು ಹಾಕಿದ ಹೆಂಗಸರ ಸಾಲಿನಲ್ಲಿ ಕೂತು, ಕೂದಲಿನಷ್ಟು ಸಣ್ಣ ಸ್ಪ್ರಿಂಗು ಕೂರಿಸುವ ಕೆಲಸ. ಮದುವೆಯಾದದ್ದು ಸ್ಟುಡಿಯೋ ಇಟ್ಟಿದ್ದ ಚಂದ್ರಮೋಹನ ಅವರನ್ನು. "ಮದ್ವೆ ಮನೇಲಿ ಬೀಳ್ಸೋರು, ಬಸ್ನಲ್ಲಿ ಬೀಳ್ಸೋರು. ಬೆಂಗ್ಳೂರಿಗೆ ರಿಪೇರಿಗೆ ಕಳ್ಸಿದ್ರೆ ತಿಂಗ್ಳುಗಟ್ಲೆ ಬರ್ತಿರ್ಲಿಲ್ಲ. ಒಂದಿನ ಅವ್ರಿಲ್ಲದಾಗ ನಾನೇ ಬಿಚ್ಚಿದೆ. ಅದೂ ಸ್ಪ್ರಿಂಗು, ಇದೂ ಸ್ಪ್ರಿಂಗು." ಬಿಚ್ಚಿದ್ದು ಸುಲಭ, ಜೋಡಿಸಲು ಇಡೀ ಭಾನುವಾರ ಹಿಡಿಯಿತಂತೆ. ಇಡ್ಲಿ ತಟ್ಟೆ ಮೇಜಿಗೆ ಬಂದದ್ದು ಅಂದಿನಿಂದ.

ಚಂದ್ರಮೋಹನ ಅವರು ತೀರಿಕೊಂಡ ಮೇಲೆ ಆಂಟಿ ಮಗಳು ಶೈಲಜಾ ಅವರ ಮನೆಗೆ, ಮೊಮ್ಮಗಳು ಅಮಿತಾಳನ್ನು ನೋಡಿಕೊಳ್ಳಲು ಬಂದರು. ಆಗ ಐದು ವರ್ಷವಿದ್ದ ಅಮಿತಾ ಈಗ ಹದಿನೇಳರ ಹುಡುಗಿ.

ಆಗಸ್ಟಿನಲ್ಲಿ, ಮಾನ್ಯಾ ಮೇಜಿನ ಕಾಲು ಹಿಡಿದು ಎದ್ದು ನಿಂತ ದಿನ, ಅಮಿತಾ ಬೇಸಿಗೆ ಕೆಲಸದ ಟೀ-ಶರ್ಟಿನಲ್ಲೇ ಒಳಬಂದು ಕೇಳಿದಳು.

"ಅಜ್ಜಿ, ಸೆಪ್ಟೆಂಬರಲ್ಲಿ ನಂಗೆ ಫೋಟೊಗ್ರಫಿ ಕ್ಲಾಸ್. ಐ ನೀಡ್ ಎ ಫಿಲ್ಮ್ ಕ್ಯಾಮೆರಾ."

"ಡಬ್ಬದ ತುಂಬ ಬಿದ್ದವಲ್ಲ, ಯಾವ್ದಾದ್ರೂ ತಗೋ."

"ಐ ವಾಂಟ್ ತಾತಾಸ್."

ಅವಳ ತಾತನ ಕ್ಯಾಮೆರಾ ಗೋಡೆಯ ಗೂಡಿನಲ್ಲಿ, ತಾತನ ಫೋಟೊದ ಮುಂದೆ ಕೂತಿತ್ತು. ಒಂದು ಚೂರು ಧೂಳಿರಲಿಲ್ಲ.

"ಅದ್ರ ರಿಂಗು ತಿರುಗಲ್ಲ ಕಣೆ."

"ಸೋ ಫಿಕ್ಸ್ ಇಟ್! ಯೂ ಫಿಕ್ಸ್ ಎವ್ರಿಬಡೀಸ್."

"ಎವ್ರಿಬಡೀದು ಬ್ಯಾರೆ, ಇದು ಬ್ಯಾರೆ."

"ಫೋಕಸ್ ಆಗದೇ ಇರೋ ಕ್ಯಾಮೆರಾ ಈಸ್ ಎ ಪೇಪರ್‌ವೇಟ್, ಅಜ್ಜಿ." ಆಮೇಲೆ ಫೋಟೊದ ಕಡೆ ತಿರುಗಿ, "ಸಾರಿ, ತಾತ" ಎಂದು ಮಹಡಿ ಹತ್ತಿದಳು.

ಆಂಟಿ ಬಹಳ ಹೊತ್ತು ಸ್ಕ್ರೂಡ್ರೈವರುಗಳನ್ನು ಸುಮ್ಮನೆ ಸಾಲಾಗಿ ಜೋಡಿಸಿದರು. ಈ ಕ್ಯಾಮೆರಾಗಳಲ್ಲಿ ಲೆನ್ಸಿನ ಸುತ್ತ ಒಂದು ಉಂಗುರವಿರುತ್ತದೆ. ಎದುರಿನವರು ಎಷ್ಟು ದೂರ ಇದ್ದಾರೋ ಅಷ್ಟಕ್ಕೆ ಅದನ್ನು ಕೈಯಿಂದ ತಿರುಗಿಸಿ ನಿಲ್ಲಿಸಬೇಕು. ಉಂಗುರದ ಮೇಲೆ ಅಡಿಗಳ ಅಂಕಿ ಕೊರೆದಿರುತ್ತದೆ. ಆ ಕ್ಯಾಮೆರಾದ್ದು ನಾಲ್ಕರಲ್ಲಿ ನಿಂತಿತ್ತು.

"ರಿಪೇರಿ ಮಾಡಿ ಕೊಟ್ಟಾಗೆಲ್ಲ ಮೊದ್ಲು ನನ್ನ ಕಡೆಗೇ ಹಿಡಿಯೋರು. ರೀಲು ಹಾಕ್ತಿರ್ಲಿಲ್ಲ, ದಂಡ ಅಂತ. ಫೋಕಸ್ ಮಾಡಿ, ಕ್ಲಿಕ್ ಅನ್ಸಿ, 'ಪಾಸು' ಅನ್ನೋರು. ಅವತ್ತು ಅಡುಗೆಮನೆ ಹೊಸಿಲ ಹತ್ರ ಕೂತು ಹುರುಳಿಕಾಯಿ ಬಿಡಿಸ್ತಿದ್ದೆ. ಬಂದ್ರು, ಹಿಡಿದ್ರು, 'ಪಾಸು' ಅಂದ್ರು. ಸಂಜೆ ಎದೆ ಹಿಡ್ಕಂಡ್ರು."

ಮಾನ್ಯಾ ಕೂತಲ್ಲೇ ಏನೋ ಹಾಡುತ್ತಿದ್ದಳು.

"ಫೋಟೊ ಇಲ್ಲ ಕಣವ್ವ. ಅವರು ನನ್ನ ಕೊನೇ ಸಲ ನೋಡಿದ ದೂರ ಮಾತ್ರ ಐತೆ. ಯಾರೂ ತಿರುಗಿಸ್ಬಾರ್ದು ಅಂತ ಎತ್ತಿಟ್ಟೆ. ಆಮ್ಯಾಕೆ ಅದೇ ಕಚ್ಕಂಡ್ತು. ಈಗ ಬಿಡಿಸಿದ್ರೆ ಅದೂ ಹೋಯ್ತದೆ."

ನನ್ನ ಬುದ್ಧಿ ಉಪಾಯಕ್ಕೆ ಓಡುವಂಥದ್ದು. "ಉಂಗುರದ್ದೊಂದು ಫೋಟೊ ತೆಗೆದಿಡೋಣ ಆಂಟಿ, ಫೋನಲ್ಲಿ. ಅಂಕಿ ಗುರುತಿರುತ್ತೆ."

"ಅಂಕಿ ಗೊತ್ತಿಲ್ವಾ ನಂಗೆ? ಹನ್ನೆರಡು ವರ್ಷದಿಂದ ನೋಡ್ತಿದೀನಿ. ನಾಕು ಅಂದ್ರೆ ಎಷ್ಟು ಅಂತ ನಿಂತು ನೋಡಿಲ್ಲ, ಅಷ್ಟೇ. ಒಬ್ಬಳೇ ಎರಡೂ ಕಡೆ ಇರೋಕಾಗ್ತದಾ?"

"ಶೈಲಜಾ ಅವರನ್ನ ಕೇಳಬಹುದಿತ್ತಲ್ಲ?"

"ಅವಳು ಅಳ್ತಾಳೆ. ಆಮೇಲೆ ನಾನೂ."

ಮರುವಾರ ಫೋನು ಬಂತು. "ಮಗು ಮಲಗೋ ಹೊತ್ತಿಗೆ ಬಾ. ನಿನ್ನ ಕೈ ನಡುಗಲ್ಲ ತಾನೆ?"

ಕಾರಿನಲ್ಲೇ ನಿದ್ದೆ ಹೋದ ಮಾನ್ಯಾಳನ್ನು ಸೀಟಿನ ಸಮೇತ ತಂದು ಸೋಫಾದ ಪಕ್ಕ ಇಟ್ಟೆ. ಆಂಟಿ ಅಡುಗೆಮನೆಗೆ ಹೋಗುವ ಬಾಗಿಲಲ್ಲಿ ಕುಳ್ಳು ಸ್ಟೂಲು ಹಾಕಿಕೊಂಡು ಕೂತಿದ್ದರು. ಇಲ್ಲಿನ ಮನೆಗಳಿಗೆ ಹೊಸಿಲೆಲ್ಲಿ? ಕಾರ್ಪೆಟ್ ಮುಗಿದು ಟೈಲ್ಸ್ ಶುರುವಾಗುವ ಕಡೆ ಒಂದು ಲೋಹದ ಪಟ್ಟಿ, ಅದೇ ಹೊಸಿಲು. ನೈಟಿ ಬಿಟ್ಟು ಸೀರೆ ಉಟ್ಟಿದ್ದರು. ಗೂಡಿನಲ್ಲಿದ್ದ ಕ್ಯಾಮೆರಾವನ್ನು ನನ್ನ ಕೈಗಿಟ್ಟರು.

"ರಿಂಗ್ ಮುಟ್ಟಬ್ಯಾಡ. ನೀನೇ ಹಿಂದೆ ಮುಂದೆ ಆಗು."

ಕಣ್ಣಿಟ್ಟು ನೋಡಿದೆ. ಆ ಕ್ಯಾಮೆರಾದ ನೋಟದ ನಡುವೆ ಒಂದು ಪುಟ್ಟ ವೃತ್ತ. ದೂರ ತಪ್ಪಾಗಿದ್ದರೆ ಎದುರಿನವರ ಮುಖ ಅದರೊಳಗೆ ಎರಡು ತುಂಡಾಗಿ ಕಾಣುತ್ತದೆ. ಸರಿಯಾದ ಜಾಗಕ್ಕೆ ಬಂದಾಗ ತುಂಡುಗಳು ಕೂಡಿಕೊಳ್ಳುತ್ತವೆ. ಆಂಟಿಯ ಹಣೆ ಒಂದು ಕಡೆ, ಬಾಯಿ ಇನ್ನೊಂದು ಕಡೆ. ಒಂದು ಹೆಜ್ಜೆ ಮುಂದಿಟ್ಟೆ. ಸ್ವಲ್ಪ ಸರಿಯಾಯಿತು. ಇನ್ನೊಂದು. ನನ್ನ ಮೊಣಕಾಲು ಅವರ ಮೊಣಕಾಲಿಗೆ ತಾಗುವುದೇನೋ ಎನ್ನುವಷ್ಟು ಹತ್ತಿರ ಬಂದಾಗ ಹಣೆ, ಕಣ್ಣು, ಬಾಯಿ ಎಲ್ಲ ಒಂದೇ ಮುಖವಾಯಿತು.

"ಸೇರಿತು ಆಂಟಿ."

ಅವರು ತಲೆಯೆತ್ತಿ ನೋಡಿದರು. ನನ್ನನ್ನಲ್ಲ, ಕ್ಯಾಮೆರಾವನ್ನು.

"ಇಷ್ಟು ಹತ್ರ ಇದ್ರಾ?" ಎಂದರು. "ನಾನು ಬಾಗಿಲಿಂದಾಚೆ ನಿಂತಿದ್ರು ಅಂದ್ಕಂಡಿದ್ದೆ. ತಲೆ ಎತ್ತಿ ಸರಿಯಾಗಿ ನೋಡ್ಲೇ ಇಲ್ಲ ಕಣವ್ವ. ಕೈಯಾಗೆ ಹುರುಳಿಕಾಯಿ ಇತ್ತು."

ನಾನು ಅಲ್ಲೇ ನಿಂತೆ. ತೋಳು ಸೋತರೂ ಇಳಿಸಲಿಲ್ಲ. ಸಾಕು ಎಂದು ಅವರೇ ಕೈ ನೀಡುವವರೆಗೆ.

ಮೇಜಿನ ಮುಂದೆ ಅವರು ಮತ್ತೆ ಕೆಲಸದ ಹೆಂಗಸಾದರು. ಉಂಗುರದ ಸಂದಿಗೆ ಸಿಗರೇಟು ಲೈಟರಿಗೆ ತುಂಬುವ ಎಣ್ಣೆಯನ್ನು ಸೂಜಿಯಿಂದ ಹನಿಸಿದರು. ಕಾಫಿ ಕುಡಿದೆವು. ಮತ್ತೆ ಹನಿಸಿದರು. ಉಂಗುರದ ಮೂರು ಸ್ಕ್ರೂ ತೆಗೆದು ಇಡ್ಲಿ ತಟ್ಟೆಗೆ ಹಾಕಿದರು. ನಂತರ ಬಲ ಹಾಕದೆ, ಮಗುವಿನ ಕೈಯಿಂದ ಗಿಲಕಿ ಬಿಡಿಸಿದಷ್ಟು ನಿಧಾನಕ್ಕೆ ತಿರುಗಿಸಿದರು. ನಾಲ್ಕು ಜಾರಿ ಐದಾಯಿತು. ಅವರ ತುಟಿ ಬಿಗಿಯಾಯಿತೇ ಹೊರತು ಕೈ ನಿಲ್ಲಲಿಲ್ಲ. ಒಳಗಿನ ತಿರುಪಿನ ಸುರುಳಿ ಎರಡಾಗಿ ಬಿಟ್ಟುಕೊಳ್ಳುವ ಜಾಗದಲ್ಲಿ ಪಿನ್ನಿನಿಂದ ಗೀರು ಹಾಕಿದರು. "ಎಲ್ಲಿ ಬಿಟ್ಕಂತು ಅಂತ ಗುರುತಿಲ್ದಿದ್ರೆ ವಾಪಸ್ ಕೂರಲ್ಲ."

ಹತ್ತಿಯಲ್ಲಿ ಒರೆಸಿದಾಗ ಹಳೆಯ ಗ್ರೀಸು ಕಂದಾಗಿ ಬರಬೇಕಿತ್ತು. ಕೆಂಪಾಗಿ ಬಂತು.

ನನ್ನ ಕಣ್ಣಿಗೆ ಬಿತ್ತು, ಅವರ ಕಣ್ಣಿಗೂ. ಚೀಲಕ್ಕೆ ಮಾತ್ರ ಪೂಜೆ ಎನ್ನುತ್ತಿದ್ದವರ ಕ್ಯಾಮೆರಾದಲ್ಲಿ ಕುಂಕುಮ.

"ಅವರು ಹೋದ ವರ್ಷದ ಆಯುಧಪೂಜೆ," ಎಂದರು ಆಂಟಿ, ಒರೆಸುತ್ತಲೇ. "ನನ್ನ ಹಣೆಗೆ ಬ್ಯಾಡ ಅಂದಿದ್ರು ಮನೆಯೋರೆಲ್ಲ. ತಟ್ಟೇಲಿ ಕಲಸಿಟ್ಟಿದ್ದು ಹಂಗೇ ಉಳೀತು. ಇದಕ್ಕಿಟ್ಟೆ. ಒಂದು ಬೊಟ್ಟಲ್ಲ, ಸುತ್ತ ಹಚ್ಚಿದೆ. ಆಮೇಲೆ ಪ್ರತಿ ವರ್ಷನೂ."

"ಕಚ್ಚಿಕೊಂಡದ್ದು ಇದರಿಂದ ಅಂತ ಗೊತ್ತಿತ್ತಾ?"

"ಊರೋರ ಕ್ಯಾಮೆರಾ ನೋಡಿ ನಗಾಡೋಳಿಗೆ ಗೊತ್ತಿರಲ್ವಾ?" ಹತ್ತಿಯ ಉಂಡೆಯನ್ನು ಬೆಳಕಿಗೆ ಹಿಡಿದರು. "ನಾನೇ ಹಿಡಿದಿಟ್ಟಿದ್ದೆ ಅನ್ನು."

ಆ ಹತ್ತಿಯನ್ನು ಏನು ಮಾಡುತ್ತಾರೋ ಎಂದು ನಾನು ಕಾದೆ. ಕಸದ ಬುಟ್ಟಿಗೆ ಹಾಕಿದರು. ಹೊಸ ಗ್ರೀಸು ಸವರಿ, ಗೀರಿಗೆ ಗೀರು ಕೂಡಿಸಿ, ತಟ್ಟೆಯ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗುಳಿ ಖಾಲಿ ಮಾಡಿದರು. ಉಂಗುರ ಈಗ ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ತಿರುಗುತ್ತಿತ್ತು. ಅವರೇ ಒಂದು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಿದರು. ನಾಲ್ಕರಲ್ಲಿ ತಂದು ನಿಲ್ಲಿಸುತ್ತಾರೆ ಅಂದುಕೊಂಡೆ. ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಅಮಿತಾ ಶಿಫ್ಟು ಮುಗಿಸಿ ಬಂದಳು. ಮೇಜಿನ ಮೇಲಿದ್ದುದನ್ನು ಎತ್ತಿಕೊಂಡು ಉಂಗುರ ತಿರುಗಿಸಿ ನೋಡಿದಳು, ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು.

"ಸಾಕು ಸಾಕು, ಬೆವರು ವಾಸ್ನೆ. ಮೊದ್ಲು ನನ್ನ ತೆಗಿ."

"ಫಿಲ್ಮ್ ಇಲ್ಲ ಅಜ್ಜಿ."

"ಬ್ಯಾಡ. ಸುಮ್ನೆ ತೆಗಿ."

ಆಂಟಿ ಮತ್ತೆ ಸ್ಟೂಲಿನ ಮೇಲೆ ಕೂತರು. ಈ ಸಲ ಕೈಯಲ್ಲಿ ಏನೂ ಇರಲಿಲ್ಲ, ತಲೆ ಎತ್ತಿಕೊಂಡೇ ಇದ್ದರು. ಅಮಿತಾ ಮುಂಬಾಗಿಲ ಹತ್ತಿರ ನಿಂತು ಕಣ್ಣು ಕಿರಿದು ಮಾಡಿದಳು.

"ಅಜ್ಜಿ, ಕಮ್ ಕ್ಲೋಸರ್. ಅಲ್ಲಿ ಡಾರ್ಕ್ ಇದೆ."

"ನಾನ್ಯಾಕೆ ಬರ್ಲಿ? ತೆಗೆಯೋರು ಬರ್ಬೇಕು ಕಣೆ ಹತ್ರ," ಎಂದರು ದ್ರಾಕ್ಷಾಯಿಣಿ ಆಂಟಿ. "ನಿಮ್ಮ ತಾತ ಬರೋರು."