ಸುಟ್ಟ ಕೋಟು

ಗಂಡ ಸತ್ತ ದಿನ ಕಾರ್ಖಾನೆಯಲ್ಲಿ ಮುನ್ನೂರು ಕೋಟುಗಳನ್ನು ಸುಟ್ಟರು. ಈ ಎರಡು ಮಾತನ್ನು ಬೇರೆ ಬೇರೆ ಮಾಡಿ ಹೇಳಲು ಅವಳಿಗೆ ಕೊನೆಯವರೆಗೂ ಬರಲಿಲ್ಲ.

ಅವಳು ಆ ಕೋಟಿನ ಕಾರ್ಖಾನೆಯಲ್ಲಿ ರಫು ಮಾಡುವವಳು. ಹರಿದ ಬಟ್ಟೆಗೆ ಎಳೆಗೆ ಎಳೆ ಸೇರಿಸಿ, ಹರಿದಿತ್ತೆಂಬುದೇ ಕಾಣದಂತೆ ಹೊಲಿಯುವ ಕೆಲಸ. ಗಂಡ ಅಲ್ಲೇ ಹಿಂದಿನ ಅಂಗಳದಲ್ಲಿ ಮೂಟೆ ಕಟ್ಟುವವನು. ಲಾರಿ ಬರಲೆಂದು ಅಂಗಳದ ಬೀದಿ ಕಡೆಗೆ ಗೋಡೆಯೇ ಇರಲಿಲ್ಲ. ಚಳಿಗಾಲವೆಲ್ಲ ಒಂದೇ ಅಂಗಿಯಲ್ಲಿ ನಿಂತು ಊರವರ ಕೋಟುಗಳನ್ನು ಮೂಟೆ ಕಟ್ಟಿದ. ಕೆಮ್ಮು ಎದೆಗಿಳಿದಾಗ ಅವಳೇ ಸೂಪರ್‌ವೈಸರ್ ಬಳಿಗೆ ಹೋದಳು.

"ಸಾರ್, ಬಣ್ಣ ಹೆಚ್ಚುಕಮ್ಮಿ ಆಗಿರೋವು ರಾಶಿ ಬಿದ್ದಿವೆ. ನಮ್ಮನೆಯವರಿಗೆ ಒಂದು ಕೊಡಿ."

"ಒಬ್ಬನಿಗೆ ಕೊಟ್ರೆ ನಾಳೆ ಊರೇ ಬಂದು ನಿಲ್ಲುತ್ತೆ ಕಣಮ್ಮ. ಪುಕ್ಕಟೆ ಸಿಕ್ಕಿದ್ರೆ ಅಂಗಡೀಲಿ ಕೊಳ್ಳೋರು ಯಾರು?"

ಪುಕ್ಕಟೆ ಯಾರಿಗೂ ಸಿಗಬಾರದೆಂದೇ ಅಂಥ ಕೋಟುಗಳ ಬೆನ್ನನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಾಯ್ಲರಿಗೆ ಹಾಕುತ್ತಿದ್ದರು. ಆ ಬೆಂಕಿಯಿಂದ ಬೆಚ್ಚಗಾಗುತ್ತಿದ್ದದ್ದು ಆಫೀಸಿನ ಕೋಣೆ.

ಮಣ್ಣು ಮಾಡಿ ಬಂದ ಮರುವಾರ ಅವಳು ಕೆಲಸಕ್ಕೆ ಹೋದಳು. ಸಂಜೆ ಸೀಳಿದ ಕೋಟೊಂದನ್ನು ಸೀರೆಯೊಳಗೆ ಮೈಗೆ ಸುತ್ತಿಕೊಂಡು ಗೇಟು ದಾಟಿದಳು. ಗಂಡನ ಅಂಗಿ ನೇತಾಡುತ್ತಿದ್ದ ಮೊಳೆಗೆ ಅದನ್ನು ಸಿಕ್ಕಿಸಿದಳು. ಹೊಲಿಯಲಿಲ್ಲ. ಯಾರಿಗೆಂದು ಹೊಲಿಯುವುದು?

ಮರುದಿನ ಇನ್ನೊಂದು ತಂದಳು. ಅದನ್ನು ಹೊಲಿದು ಎದುರುಮನೆಯ ಬಾಣಂತಿಗೆ ಹೊದಿಸಿದಳು. ಬೆಂಕಿ ನೋಡಿಕೊಳ್ಳುತ್ತಿದ್ದ ಬಾಯ್ಲರ್ ತಾತ ಕಂಡೂ ಕಾಣದವನಂತೆ ಕೋಟಿನ ಬದಲು ಚಿಂದಿ ತುಂಬತೊಡಗಿದ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಅರ್ಧ ಬೀದಿಯ ಮೈಮೇಲೆ ಕೋಟಿತ್ತು.

"ಕಾಡಿಲ್ಲ, ಕುದುರೆ ಇಲ್ಲ, ಕೈಯಲ್ಲೊಂದು ಸೂಜಿ. ಎಂಥ ದರೋಡೆಕೋರಳು ಅತ್ತಿಗೆ ನೀನು!" ಎಂದು ನಾದಿನಿ ನಗುತ್ತಿದ್ದಳು.

"ನಾನು ಕಿತ್ಕೊಳ್ತಿರೋದು ಬೆಂಕಿ ಹತ್ರ ಕಣೇ. ಬೇಕಿದ್ರೆ ಬೆಂಕಿನೇ ಬಂದು ಕೇಳಲಿ."

ಬೆಂಕಿ ಕೇಳಲಿಲ್ಲ. ಹಾಲು ಮಾರುವವನ ಮೈಮೇಲೆ ಕಾರ್ಖಾನೆಯ ಕೋಟು ಸೂಪರ್‌ವೈಸರ್ ಕಣ್ಣಿಗೆ ಬಿತ್ತು. ನಡುಬೀದಿಯಲ್ಲಿ ಬಿಚ್ಚಿಸಿ ನೋಡಿದ. ಬೆನ್ನಿನ ಸೀಳು ಕಾಣಲೇ ಇಲ್ಲ. ಒಳಗು ಹೊರಗು ಮಾಡಿದಾಗ ದಾರದ ತುದಿಯಲ್ಲಿ ಒಂದು ಗಂಟು ಸಿಕ್ಕಿತು. ಮೂರು ಸುತ್ತು ಸುತ್ತಿ, ಅಡಿಯಿಂದ ನುಸುಳಿಸಿ ಎಳೆದ ಗಂಟು.

ಮರುವಾರವೇ ಬೋರ್ಡು ಹಾಕಿಸಿದ. ರಫು ಪಂದ್ಯ. ಎಲ್ಲರೂ ಕೂರಲೇಬೇಕು. ಗೆದ್ದವರಿಗೆ ಬಹುಮಾನ, ಒಂದು ಕೋಟು.

ಕೋಟಂತೆ! ಸಾಯುವವನಿಗೆ ಕೇಳಿದಾಗ ಇರಲಿಲ್ಲ.

"ಇದು ನಿನ್ನ ಹಿಡಿಯೋಕೆ ಒಡ್ಡಿರೋ ಬಲೆ ತಾಯಿ. ಕೈ ಬಾರದವಳ ಹಾಗೆ ಹೊಲಿದು ಎದ್ದುಬಿಡು," ಎಂದ ಬಾಯ್ಲರ್ ತಾತ.

ಹಾಗೇ ಹೊಲಿದಳು. ನಲವತ್ತು ಹೆಂಗಸರ ನಡುವೆ ಕೂತು, ಪಂದ್ಯಕ್ಕೆ ಕೊಟ್ಟ ಹರಿದ ಕೋಟಿನ ಎಳೆಯನ್ನು ಸೊಟ್ಟಗೆ ಎಳೆದಳು, ಬಟ್ಟೆ ಸುಕ್ಕುಗಟ್ಟಿಸಿದಳು.

"ಏನಕ್ಕಾ, ಕಾಲಲ್ಲಿ ಹೊಲಿದ್ಯಾ?" ಎಂದು ಪಕ್ಕದವಳು ಕಿಸಕ್ಕನೆ ನಕ್ಕಳು.

ಸೂಪರ್‌ವೈಸರ್ ಹೊಲಿಗೆಯನ್ನು ನೋಡಲೇ ಇಲ್ಲ. ಕೋಟನ್ನು ಒಳಮೈಗೆ ತಿರುಗಿಸಿದ. ಗಂಟು ಅಲ್ಲಿತ್ತು.

ಅದು ಮೂಟೆ ಕಟ್ಟುವವರ ಗಂಟು. ಮದುವೆಯಾದ ಹೊಸದರಲ್ಲಿ ಗಂಡ ಅವಳ ಬೆರಳು ಹಿಡಿದು ಕಲಿಸಿದ್ದು. ಸೊಟ್ಟಗೆ ಹೊಲಿ ಎಂದು ಕೈಗೆ ಹೇಳಿದ್ದಳು. ಗಂಟಿನ ಮಾತು ಹೇಳಲು ಮರೆತಿದ್ದಳು.

"ಕಳ್ಳಿ! ಪೊಲೀಸರನ್ನ ಕರೀತೀನಿ."

"ಕರೀರಿ. ಏನು ಕದ್ದೆ ಅಂತ ಹೇಳ್ತೀರಿ?"

"ಕೋಟು!"

"'ಎಲ್ಲಾ ನನ್ನ ಕಣ್ಣೆದುರೇ ಸುಟ್ಟಿದೆ' ಅಂತ ವಾರವಾರ ಮಾಲೀಕರಿಗೆ ಸಹಿ ಹಾಕಿ ಕೊಟ್ಟೋರು ನೀವು. ಸುಟ್ಟ ಕೋಟನ್ನ ನಾನು ಹೇಗೆ ಕದಿಯಲಿ ಸಾರ್?"

ಹೆಂಗಸರು ತಲೆ ತಗ್ಗಿಸಿ ನಕ್ಕರು. ಪೊಲೀಸರು ಬರಲಿಲ್ಲ. ಆದರೆ ಹತ್ತೊಂಬತ್ತು ವರ್ಷದ ಕೆಲಸ ನಿಂತ ಕಾಲಲ್ಲೇ ಹೋಯಿತು. ಸೀಳಿಸಿದವನ ಕೆಲಸ ಉಳಿಯಿತು, ಹೊಲಿದವಳದು ಹೋಯಿತು. ಇದನ್ನೂ ನ್ಯಾಯ ಎನ್ನುವವರಿದ್ದಾರೆ.

ಗೇಟು ದಾಟುವಾಗ ಅಂಗಳದಿಂದ ಕೆಮ್ಮು ಕೇಳಿಸಿತು. ಗಂಡನ ಜಾಗಕ್ಕೆ ಬಂದವನು. ಮೈಮೇಲೆ ಒಂದೇ ಅಂಗಿ.

ಮನೆಗೆ ಹೋಗಿ ಮೊಳೆಯಿಂದ ಆ ಮೊದಲನೆಯ ಕೋಟು ಇಳಿಸಿದಳು. ಹೊಸ್ತಿಲಲ್ಲಿ ಕೂತು ಬೆನ್ನು ಹೊಲಿದಳು. ಕೊನೆಗೆ ಅದೇ ಗಂಟು, ಈ ಸಲ ಬೇಕೆಂದೇ ಹಾಕಿದಳು. ಮರುದಿನ ಮಧ್ಯಾಹ್ನ, ಎಲ್ಲರೂ ಅಂಗಳದಲ್ಲಿ ಬುತ್ತಿ ಬಿಚ್ಚಿದ ಹೊತ್ತಿಗೆ, ಬೀದಿಯಿಂದ ನೇರ ಒಳಗೆ ನಡೆದಳು. ಗೋಡೆ ಕಟ್ಟಿಸದೆ ಬಿಟ್ಟವರು ಅವರೇ. ಕೆಮ್ಮುತ್ತಿದ್ದವನನ್ನು ಎಬ್ಬಿಸಿ ಕೋಟು ತೊಡಿಸಿದಳು. ಒಂದೊಂದೇ ಗುಂಡಿ ಹಾಕಿದಳು. ಅವನದೂ ಗಂಡನಷ್ಟೇ ಅಗಲದ ಎದೆ.

ಸೂಪರ್‌ವೈಸರ್ ಓಡಿಬಂದ. "ಏಯ್, ಏನದು?"

"ಸುಟ್ಟ ಕೋಟು ಸಾರ್. ಬೇಕಾದ್ರೆ ಇವನ ಮೈಯಿಂದ ಬಿಚ್ಚಿಸಿ, ಇಷ್ಟು ಜನರ ಮುಂದೆ ಇನ್ನೊಂದ್ಸಲ ಸುಡಿ."

ಬುತ್ತಿ ಬಿಟ್ಟು ಹೆಂಗಸರೆಲ್ಲ ಎದ್ದು ನಿಂತಿದ್ದರು. ಅವನು ಒಮ್ಮೆ ಸುತ್ತ ನೋಡಿ ತನ್ನ ಬೆಚ್ಚನೆಯ ಕೋಣೆಗೆ ಹಿಂದಿರುಗಿದ. ಕೋಟು ಅಂಗಳದಲ್ಲೇ ಉಳಿಯಿತು.