ಮೊದಲು ಕಂಡದ್ದು ಯಾರಿಗೆ

ಮೂರು ವರ್ಷದ ಮಗಳ ಹೊಟ್ಟೆ ದುಂಡಗಾಗುತ್ತ ಬಂದಾಗ ನನಗೆ ಖುಷಿಯೇ ಆಗಿತ್ತು. ಹರಿಹರದಲ್ಲಿರುವ ಅಕ್ಕನ ಮಗಳು ಹುಟ್ಟಿದಾಗಿನಿಂದ ಗುಂಡುಗುಂಡಗೆ. ಇಬ್ಬರನ್ನೂ ಒಟ್ಟಿಗೆ ಕಂಡ ನೆಂಟರು ನನ್ನವಳ ತೋಳು ಹಿಡಿದು, ಊಟ ಸರಿಯಾಗಿ ಮಾಡಿಸುತ್ತೀಯೋ ಇಲ್ಲವೋ ಎಂದು ಕೇಳುತ್ತಿದ್ದರು. ಈಗ ಲಂಗದ ಲಾಡಿ ಸಾಲದಾಗಿತ್ತು. ಅಕ್ಕನಿಗೆ ತೋರಿಸಲೆಂದೇ ಒಂದು ಭಾನುವಾರ ಹರಿಹರದ ಬಸ್ಸು ಹತ್ತಿದೆ.

ಬಚ್ಚಲುಮನೆಯಲ್ಲಿ ಇಬ್ಬರು ಮಕ್ಕಳಿಗೂ ಅಕ್ಕನೇ ಎಣ್ಣೆ ಹಚ್ಚಿದಳು. ನನ್ನವಳ ಹೊಟ್ಟೆ ಸವರುತ್ತಿದ್ದ ಕೈ ಎಡಭಾಗದಲ್ಲಿ ನಿಂತಿತು.

"ಇಲ್ಲೇನೋ ಗಟ್ಟಿ ಐತೆ ನೋಡೇ. ಮುಟ್ಟಿದ್ರೂ ಅಳ್ತಿಲ್ಲ. ಡಾಕ್ಟ್ರಿಗೆ ತೋರ್ಸು."

"ನನ್ ಮಗಳು ಮೈ ತುಂಬ್ಕೊಂಡ್ರೆ ನಿಂಗ್ಯಾಕ ಹೊಟ್ಟೆಕಿಚ್ಚು?" ಎಂದೆ.

ಅಕ್ಕ ನೀರು ಹಾಕಿ, ಮೈ ಒರೆಸಿ, ಮಗುವನ್ನು ನನ್ನ ಕೈಗೆ ಕೊಟ್ಟಳು. ವಾರವಿಡೀ ಫೋನ್ ಮಾಡಿದಳು. ನಾನು ಎತ್ತಲಿಲ್ಲ. ಎಂಟನೆಯ ದಿನ ವಿದ್ಯಾನಗರದ ನಮ್ಮ ಮನೆಗೇ ಬಂದು, ನಾನು ಪತ್ರಿಕೆಯ ಆಫೀಸಿಗೆ ರಜೆ ಹೇಳುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ.

ಸ್ಕ್ಯಾನ್‌ನಲ್ಲಿ ಎಡ ಮೂತ್ರಪಿಂಡದ ಗಡ್ಡೆ ಕಂಡಿತು. ಡಾಕ್ಟರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಎಳೆ ಮಕ್ಕಳಿಗೆ ಬರುವ ಈ ಕ್ಯಾನ್ಸರ್ ಹೆಚ್ಚಾಗಿ ನೋವು ಕೊಡುವುದಿಲ್ಲ. ಮಗು ಆಡಿಕೊಂಡಿರುತ್ತದೆ, ಹೊಟ್ಟೆ ಮಾತ್ರ ಬೆಳೆಯುತ್ತದೆ. ಊಟದಿಂದಾಗಲಿ ಹೆತ್ತವರ ತಪ್ಪಿನಿಂದಾಗಲಿ ಬಂದದ್ದಲ್ಲ. ಶಸ್ತ್ರಚಿಕಿತ್ಸೆ ಆಗುವವರೆಗೆ ಹೊಟ್ಟೆ ಒತ್ತಬಾರದು, ಗಡ್ಡೆ ಒಡೆಯಬಹುದು. ಬಹಳಷ್ಟು ಮಕ್ಕಳು ಗುಣವಾಗುತ್ತಾರೆ. ಬದುಕಲು ಒಂದು ಮೂತ್ರಪಿಂಡ ಸಾಕು.

ಗಂಟನ್ನು ಮೊದಲು ಗಮನಿಸಿದ್ದು ಯಾರು, ಯಾವಾಗ ಎಂದು ಅವರು ಕೇಳಿದರು.

"ನಾನೇ, ನಿನ್ನೆ," ಎಂದೆ.

ಅಕ್ಕ ಪಕ್ಕದಲ್ಲೇ ಇದ್ದಳು. ಮಗುವಿನ ಕಾಲುಚೀಲ ಸರಿಮಾಡುತ್ತಿದ್ದಳು. ಯಾರು ಹೇಳಿದ್ದೆಂದು ಬರೆಯದ ಸುದ್ದಿಯನ್ನು ವರದಿಗಾರರಿಗೆ ವಾಪಸ್ ಕಳಿಸುವುದು ಪತ್ರಿಕೆಯಲ್ಲಿ ನನ್ನ ಕೆಲಸ.

ಮೂತ್ರಪಿಂಡ ತೆಗೆದರು. ತಿಂಗಳುಗಟ್ಟಲೆ ಔಷಧದ ಡ್ರಿಪ್ ನಡೆಯಿತು. ಕೊನೆಯ ಸರದಿಯ ದಿನ ಡಾಕ್ಟರಿಗೆ, ಅಂದು ತಪ್ಪು ಹೇಳಿದ್ದೆ, ಮೊದಲು ಕಂಡದ್ದು ಅಕ್ಕನಿಗೆ, ಅದೂ ಒಂದು ವಾರ ಮೊದಲೇ ಎಂದೆ. ಅವರು ತಲೆಯಾಡಿಸಿ ಫೈಲು ತೆರೆದರು.

"ಈಗ್ಯಾಕ ಅದು? ಕೂಸಿಗೆ ಹಸಿವಾಗೈತೆ, ನಡಿ," ಎಂದಳು ಅಕ್ಕ.

ಮಗಳಿಗೆ ಈಗ ಕೂದಲು ಬಂದಿದೆ, ತೋಳು ಇನ್ನೂ ಸಣ್ಣ. ಭಾನುವಾರದ ಎಣ್ಣೆನೀರಿಗೆ ದೊಡ್ಡಮ್ಮನೇ ಬೇಕೆಂದು ಹಟ ಹಿಡಿಯುತ್ತಾಳೆ. ಹರಿಹರದ ಆ ಬಚ್ಚಲುಮನೆಯ ಹೊರಗೆ ಟವೆಲ್ ಹಿಡಿದು ನಿಲ್ಲುತ್ತೇನೆ. ಒಳಗಿನಿಂದ ಇಬ್ಬರ ನಗು ಕೇಳುತ್ತದೆ. ಹೊಟ್ಟೆಕಿಚ್ಚು ಯಾರದೆಂದು ಈಗ ಯಾರೂ ನನ್ನನ್ನು ಕೇಳಬೇಕಿಲ್ಲ.